ಹಗಲು ನಿದ್ದೆ, ರಾತ್ರಿ ಜಾಗರಣೆ

ಇವತ್ತು ಬೆಳಿಗ್ಗೆ ಮೀಟಿಂಗಿನಲ್ಲಿ ನಾನು ನಾಲ್ಕು ನಿಮಿಷ ಗೋಡೆಗೆ ಭಾಷಣ ಮಾಡಿದೆ. ವೈಫೈ ಹೋಗಿತ್ತು, ನನಗೆ ಗೊತ್ತಾಗಲಿಲ್ಲ. ಆ ಕಡೆಯವರಿಗೆ ಕಂಡಿದ್ದು ಅರ್ಧ ಕಣ್ಣು ಮುಚ್ಚಿ, ಬಾಯಿ ತೆರೆದು, ಇನ್ನೇನು ಸೀನಬೇಕು ಅನ್ನುವಷ್ಟರಲ್ಲಿ ನಿಂತುಹೋದ ನನ್ನ ಮುಖ. ಯಾರೋ ಪುಣ್ಯಾತ್ಮರು ಅದರ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದ್ದಾರೆ.

ರೂಟರ್ ಸರಿಯಾಗೇ ಇತ್ತು. ಫೋನಿನಲ್ಲಿ ನೆಟ್ ಓಡುತ್ತಿತ್ತು. ಅಂದರೆ ಕಳ್ಳ ಲ್ಯಾಪ್‌ಟಾಪ್ ಒಳಗೇ ಇದ್ದ. ವಿಂಡೋಸ್‌ನಲ್ಲಿ ಒಳಗಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು, ವೈಫೈ ಹಿಡಿಯುವ ನೆಟ್‌ವರ್ಕ್ ಅಡಾಪ್ಟರ್ ಹುಡುಕಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ಗೆ ಹೋದರೆ ಅಲ್ಲೊಂದು ಪುಟ್ಟ ಚೌಕ. ಕರೆಂಟ್ ಉಳಿಸೋಕೆ ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಇದೆ ಅಂತ ಅದರ ಅರ್ಥ. ಒಳಗೆ ಜಮ್ಮನೆ ಕೂತ ಟಿಕ್. ಯಾರು ಕೊಟ್ಟರು ಅನುಮತಿ? ಹೋದ ತಿಂಗಳೇ ನಾನು ಆ ಟಿಕ್ ತೆಗೆದಿದ್ದೆ. ನಡುವೆ ಹೊಸ ಡ್ರೈವರ್ (ಅಡಾಪ್ಟರನ್ನು ನಡೆಸುವ ಸಾಫ್ಟ್‌ವೇರ್) ಬಂದು, ನಾನು ಮಾಡಿಟ್ಟದ್ದನ್ನೆಲ್ಲ ಒರೆಸಿ ಮೊದಲಿನಂತೆ ಮಾಡಿದೆ. ಒಂದು ಮಾತು ಕೇಳಬಾರದಾ?

ಇರಲಿ ಅಂತ, ಕರೆಂಟ್ ಎಷ್ಟು ಉಳಿಸಬೇಕು ಅಂತ ಹೇಳಿಡುವ ಪವರ್ ಪ್ಲಾನ್ ಕೂಡ ನೋಡಿದೆ. ವೈರ್‌ಲೆಸ್ ಅಡಾಪ್ಟರಿಗೆ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್, ಅಂದರೆ ಕರೆಂಟ್ ಉಳಿಸೋದು ಬೇಡ, ಅಂತ ನಾನೇ ಇಟ್ಟಿದ್ದೆ. ಆದರೆ ಅಲ್ಲಿ ಎರಡು ಸಾಲು. ಚಾರ್ಜರ್ ಹಾಕಿದ್ದಾಗ ಒಂದು, ಬ್ಯಾಟರಿ ಮೇಲೆ ಓಡುವಾಗ ಇನ್ನೊಂದು. ನಾನು ಬದಲಾಯಿಸಿದ್ದು ಮೊದಲನೆಯದನ್ನು ಮಾತ್ರ. ಮೀಟಿಂಗ್ ಹೊತ್ತಿಗೆ ಚಾರ್ಜರ್ ಚೀಲದಲ್ಲಿತ್ತು. (ಇದನ್ನು ಗ್ರೂಪಿನಲ್ಲಿ ಹೇಳಿಲ್ಲ. ಅಲ್ಲಿ ಈಗಲೂ ತಪ್ಪೆಲ್ಲ ಡ್ರೈವರಿನದೇ.)

ಹಗಲಿಡೀ ಹೀಗೆ ಕರೆಂಟ್ ಉಳಿಸುವ ಈ ಮಹಾನುಭಾವ ರಾತ್ರಿ ಮೂರು ಗಂಟೆಗೆ ತಾನೇ ಎದ್ದು, ಪರದೆ ಬೆಳಗಿಸಿಕೊಂಡು, ಗುಂಯ್ ಅಂತ ಫ್ಯಾನ್ ತಿರುಗಿಸುತ್ತಾನೆ. ಆಜ್ಞೆ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ (powercfg) ಅನ್ನುವ ಆಜ್ಞೆಗೆ ಲಾಸ್ಟ್‌ವೇಕ್ (/lastwake) ಸೇರಿಸಿ ಕೊಟ್ಟರೆ, ಕೊನೆಗೆ ಎಬ್ಬಿಸಿದ್ದು ಯಾರು ಅಂತ ಹೇಳುತ್ತದೆ. ಹೇಳಿತು: ಕೇಬಲ್ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡ್. ವೈಫೈಯ ಅಣ್ಣ! ತಮ್ಮ ಹಗಲು ಮಲಗುತ್ತಾನೆ, ಅಣ್ಣ ರಾತ್ರಿ ಮಲಗಿಸುವುದಿಲ್ಲ.

ಅಣ್ಣನ ಟ್ಯಾಬ್‌ನಲ್ಲೂ ಒಂದು ಚೌಕ ಇದೆ. ಮ್ಯಾಜಿಕ್ ಪ್ಯಾಕೆಟ್, ಅಂದರೆ ಎಬ್ಬಿಸೋಕೆಂದೇ ನೆಟ್‌ವರ್ಕಿನಲ್ಲಿ ಕಳಿಸುವ ಸಂದೇಶ, ಬಂದರೆ ಮಾತ್ರ ಕಂಪ್ಯೂಟರ್ ಎಬ್ಬಿಸು ಅಂತ. ಅದು ಖಾಲಿ ಇದ್ದರೆ ನೆಟ್‌ವರ್ಕಿನ ಬೇರೆ ಗಲಾಟೆಗೂ ಎಚ್ಚರ ಆಗಬಹುದು. ಮ್ಯಾಜಿಕ್ ಅಂದರೆ ದೊಡ್ಡ ಮಾಯ ಏನಲ್ಲ. ಮೊದಲು 6 ಬೈಟ್ ಬರೀ ಎಫ್‌ಎಫ್ (ಒಂದು ಬೈಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಅಂಕಿ), ಆಮೇಲೆ ಆ ಕಾರ್ಡಿನ ಮ್ಯಾಕ್ ಅಡ್ರೆಸ್, ಅಂದರೆ ಅದರದೇ 6 ಬೈಟಿನ ಗುರುತು, ಒಂದೇ ಸಮನೆ 16 ಸಲ. ಒಟ್ಟು 102 ಬೈಟ್. ಹೆಸರು ಹಿಡಿದು 16 ಸಲ ಕೂಗೋದು, ಅಷ್ಟೇ.

ಶಾಲೆಗೆ ಹೋಗುವಾಗ ಅಮ್ಮ ನನ್ನನ್ನು ಎಬ್ಬಿಸುತ್ತಿದ್ದದ್ದೂ ಹೀಗೇ. ಹೊದಿಕೆಯೊಳಗೆ ಸುಮ್ನೆ ಎಣಿಸುತ್ತಾ ಮಲಗಿರುತ್ತಿದ್ದೆ, ಇನ್ನೂ ಕೂಗುತ್ತಾಳೆ ಅಂತ ಧೈರ್ಯ. ಈಗ ಎಬ್ಬಿಸೋದು ಫೋನು. ಅದಕ್ಕೆ ನನ್ನ ಹೆಸರು ಬರುವುದಿಲ್ಲ.

ತಮ್ಮನ ಟಿಕ್ ತೆಗೆದು, ಅಣ್ಣನಿಗೆ ಟಿಕ್ ಹಾಕಿ, ಬ್ಯಾಟರಿಯ ಸಾಲನ್ನೂ ಬದಲಾಯಿಸಿ ಓಕೆ ಒತ್ತಿದೆ. ಫೋನ್ ತೆಗೆದು ನೋಡಿದರೆ ನನ್ನ ಬಾಯಿ ತೆರೆದ ಮುಖ ಆಗಲೇ ಸ್ಟಿಕ್ಕರ್ ಆಗಿದೆ. ಕೆಳಗೆ 'ಗುಡ್ ಮಾರ್ನಿಂಗ್' ಅಂತ ಬರೆದಿದ್ದಾರೆ.