ದವಾಖಾನಿಯಲ್ಲೂ ಒಬ್ಬ ವಕೀಲರು ಬೇಕು

ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ, ನಾನಿರುವ ಮನೆಗೆ ಹತ್ತಿರದಲ್ಲೇ, ಒಂದು ದವಾಖಾನಿ ಇದೆ. 2012ರ ಒಲಿಂಪಿಕ್ಸ್ ಹೊತ್ತಿಗೆ ಕ್ರೀಡಾಪಟುಗಳಿಗಾಗಿ ಕಟ್ಟಿದ್ದು, ಆಮೇಲೆ ಸುತ್ತಲಿನ ಜನರಿಗೆ ಬಿಟ್ಟುಕೊಟ್ಟರು. ಅದೇ ಕಟ್ಟಡದಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಕಾನೂನು ವಿಭಾಗದವರು ಪುಕ್ಕಟೆ ಕಾನೂನು ಸಲಹೆಯ ಕೇಂದ್ರ ತೆರೆದರು. ಮನೆ ಖಾಲಿ ಮಾಡೆಂದು ನೋಟಿಸ್ ಬಂದವರು, ಸರ್ಕಾರದ ಭತ್ಯೆ ನಿಂತುಹೋದವರು ಡಾಕ್ಟರನ್ನು ಕಾಣಲು ಬಂದಲ್ಲೇ ವಕೀಲರನ್ನೂ ಕಾಣಬಹುದು. ಅನುಭವಿ ವಕೀಲರ ಕೈಕೆಳಗೆ ಕಾನೂನು ಓದುವ ಹುಡುಗ ಹುಡುಗಿಯರು ಕಾಗದ ಓದಿ, ಅರ್ಜಿ ಬರೆಯುತ್ತಾರೆ.

ಈ ವಿಚಾರವನ್ನು ಅಲ್ಲಿ ಬಹುಕಾಲದಿಂದ ಮುಂದಕ್ಕೊಯ್ದವರು ಪ್ರೊಫೆಸರ್ ಹೇಜಲ್ ಜೆನ್. 1999ರಲ್ಲಿ ಅವರು ಪ್ರಕಟಿಸಿದ ಸಮೀಕ್ಷೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಿವಿಲ್ ನ್ಯಾಯದ ಬಗೆಗಿನ ಚರ್ಚೆಯನ್ನೇ ಬದಲಿಸಿತು. ಅದಕ್ಕೂ ಮುಂಚೆ ಪಂಡಿತರು ಹೆಚ್ಚಾಗಿ ಕೋರ್ಟಿನ ಕಡತ ಎಣಿಸುತ್ತಿದ್ದರು: ಎಷ್ಟು ದಾವೆ ಬಂದವು, ಎಷ್ಟು ಉಳಿದವು. ಜೆನ್ ಕೋರ್ಟ್ ಬಿಟ್ಟು ಜನರ ಮನೆ ಬಾಗಿಲಿಗೆ ಹೋದರು. ಹಿಂದಿನ ಐದು ವರ್ಷದಲ್ಲಿ ಬಾಡಿಗೆ, ಸಾಲ, ಕೂಲಿ, ನೆರೆಹೊರೆ, ಸಂಸಾರದ ವಿಷಯದಲ್ಲಿ ನಿಮಗೆ ತೊಂದರೆಯಾಯಿತೇ, ಆದಾಗ ಏನು ಮಾಡಿದಿರಿ ಎಂದು ಕೇಳಿಸಿದರು. ನೂರಕ್ಕೆ ಸುಮಾರು 40 ಮಂದಿ ಹೌದು ಎಂದರು. ಅವರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ತೀರ ಕಡಿಮೆ. ಎಲ್ಲಿ ಕೇಳಬೇಕೆಂದು ತಿಳಿಯದೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ತಿರುಗಿ, ಕೊನೆಗೆ ದಣಿದು ಕೈಬಿಟ್ಟವರೂ ಇದ್ದರು.

ಇದನ್ನು ಓದುವಾಗ ನನಗೆ ನೆನಪಾದದ್ದು ಬೀಳಗಿ ತಾಲೂಕು. ನಮ್ಮ ಹೊಲ ಆಲಮಟ್ಟಿಯ ಹಿನ್ನೀರಿಗೆ ಹೋದವು. ನನ್ನ ಕಾಕಾನ ಎರೆಹೊಲಕ್ಕೂ ಪರಿಹಾರ ಬಂತು. ದುಡ್ಡು ಕೊಡುವ ಕಚೇರಿಯಲ್ಲಿ ಒಬ್ಬರು ಇಲ್ಲಿ ಸಹಿ ಮಾಡು ಎಂದರು, ಮಾಡಿದ. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಆ ರಸೀತಿಯ ಮೇಲೆ ‘ತಕರಾರಿನೊಂದಿಗೆ ಹಣ ಪಡೆದಿದ್ದೇನೆ’ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು, ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋಗುವ ಹಕ್ಕು ಉಳಿಯುತ್ತಿತ್ತು. ಬರೆಯದಿದ್ದರೆ ಆ ಹಕ್ಕು ಕೊಡುವ 18ನೇ ಕಲಮಿನ ಬಾಗಿಲು ಮುಚ್ಚಿದಂತೆಯೇ. ಆ ಸಾಲನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ. ಪಕ್ಕದ ಹೊಲದವರು ಬರೆದಿದ್ದರು. ಕೋರ್ಟು ಅವರಿಗೆ ದರ ಏರಿಸಿತು.

ಕಾನೂನು ಇಷ್ಟಕ್ಕೇ ನಿಂತಿರಲಿಲ್ಲ. 1984ರ ತಿದ್ದುಪಡಿಯಲ್ಲಿ 28ಎ ಎಂಬ ಕಲಮು ಸೇರಿತ್ತು. ಒಂದೇ ಅಧಿಸೂಚನೆಯಲ್ಲಿ ಹೊಲ ಕಳೆದುಕೊಂಡ ಒಬ್ಬರಿಗೆ ಕೋರ್ಟು ಹೆಚ್ಚು ಕೊಟ್ಟರೆ, ಮೊದಲು ಅರ್ಜಿ ಹಾಕದೆ ಸುಮ್ಮನಿದ್ದವರೂ ಅದೇ ಲೆಕ್ಕದಲ್ಲಿ ಕೇಳಬಹುದು. ಗಡುವು ಮೂರು ತಿಂಗಳು. ಬಡವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಲಮು ಅದು. ಪಕ್ಕದವರಿಗೆ ಎಷ್ಟು ಸಿಕ್ಕಿತೆಂದು ಕಾಕಾನಿಗೆ ಗೊತ್ತಾಗುವ ಹೊತ್ತಿಗೆ ಆ ಗಡುವೂ ಮುಗಿದಿತ್ತು. “ಸಾಹೇಬ್ರು ಸಹಿ ಮಾಡಂದ್ರು, ಮಾಡ್ದೆ. ನಾ ಮತ್ತೇನ್ ಕೇಳ್ಬೇಕಿತ್ತೋ ತಮ್ಮಾ?” ಎಂದಿದ್ದ. ನನ್ನ ಹತ್ತಿರ ಉತ್ತರವಿರಲಿಲ್ಲ, ಕಾನೂನಿನ ಹತ್ತಿರ ಇತ್ತು.

ಕಾಕಾ ಕೋರ್ಟಿನ ಕಡೆ ಒಮ್ಮೆಯೂ ತಲೆ ಹಾಕಿದವನಲ್ಲ. ಆದರೆ ತಾಲೂಕಿನ ದವಾಖಾನಿಗೆ ತಪ್ಪದೆ ಹೋಗುತ್ತಿದ್ದ. ನಿದ್ದೆ ಬರವಲ್ದು, ಎದೆ ಹೊಡ್ಕೊಳ್ತದ ಅನ್ನುತ್ತಿದ್ದ. ಡಾಕ್ಟರು ಬಿಪಿ ನೋಡಿ ಗುಳಿಗಿ ಬರೆದುಕೊಡುತ್ತಿದ್ದರು. ಹೊಲ ಹೋಯಿತು, ದುಡ್ಡು ಸಾಲದ ಬಾಯಿಗೆ ಹೋಯಿತು ಎಂಬ ಕತೆಯನ್ನು ಅವರ ಮುಂದೆ ಹೇಳಿಯೂ ಇದ್ದನಂತೆ. ಆ ಮಾತನ್ನು ಕೇಳಿದ ಡಾಕ್ಟರು ಪಕ್ಕದ ಕೋಣೆಗೆ ಕೈ ತೋರಿಸಿ ‘ಅಲ್ಲಿ ವಕೀಲರು ಕೂತಾರ, ಉತಾರ, ನೋಟಿಸ್ ತಗೊಂಡು ಹೋಗ್ರಿ’ ಎನ್ನುವಂತಿದ್ದರೆ? ಜೆನ್ ಮತ್ತು ಅವರಂಥವರ ಕೆಲಸದ ತಿರುಳು ಇಷ್ಟೇ. ಸಿವಿಲ್ ತೊಂದರೆಯನ್ನು ಜನ ಕಾನೂನಿನ ತೊಂದರೆ ಎಂದು ಗುರುತಿಸುವುದಿಲ್ಲ. ಹಣೆಬರಹ ಎನ್ನುತ್ತಾರೆ, ಇಲ್ಲವೆ ಕಾಯಿಲೆ ಎನ್ನುತ್ತಾರೆ. ಹಾಗಾಗಿ ಅವರು ಹೇಗೂ ಹೋಗುವ ಜಾಗದಲ್ಲೇ ಕಾನೂನು ಕಾದು ಕೂರಬೇಕು.

ಇಲ್ಲಿಯದೆಲ್ಲ ಚೆಂದ, ಅಲ್ಲಿಯದೆಲ್ಲ ಕೊರತೆ ಎಂಬ ಮಾತು ನನ್ನದಲ್ಲ. 2013ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರ ಖರ್ಚಿನ ನೆಪದಲ್ಲಿ ಸಂಸಾರದ ವ್ಯಾಜ್ಯ, ಸಾಲ, ಭತ್ಯೆಯ ಬಹುಪಾಲು ವಿಷಯಗಳನ್ನು ಸರ್ಕಾರಿ ಕಾನೂನು ನೆರವಿನಿಂದ ತೆಗೆದುಹಾಕಿತು. ಗಂಡನಿಂದ ಬೇರೆಯಾಗಿ ಮಕ್ಕಳಿಗಾಗಿ ಹೋರಾಡುವ ಹೆಣ್ಣುಮಗಳು, ಕೌಟುಂಬಿಕ ಹಿಂಸೆಯಂಥ ಪ್ರಕರಣ ಬಿಟ್ಟರೆ, ತಾನೇ ವಾದಿಸಬೇಕು. ನಮ್ಮಲ್ಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರತಿಯೊಬ್ಬ ಹೆಣ್ಣುಮಗಳಿಗೂ, ಅವಳ ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೊಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಕೂಡ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೆ ಸಾಕು. ಲಂಡನ್ನಿನ ಗೆಳೆಯರಿಗೆ ಇದನ್ನು ಹೇಳಿದಾಗ ನಂಬಲಿಲ್ಲ. ನನಗೆ ಹೆಮ್ಮೆಯಾಯಿತು, ಜೊತೆಗೇ ಸಂಕಟವೂ. ಮುದ್ದೇಬಿಹಾಳದ, ಹುನಗುಂದದ ಎಷ್ಟು ತಾಯಂದಿರಿಗೆ ಈ ಹಕ್ಕು ತಮ್ಮದೆಂದು ಗೊತ್ತು?

ತಾಲೂಕು ಕಾನೂನು ಸೇವಾ ಸಮಿತಿಗಳು ಇವೆ, ಒಳ್ಳೆಯ ಕೆಲಸ ಮಾಡುವ ನ್ಯಾಯಾಧೀಶರನ್ನೂ ಕಂಡಿದ್ದೇನೆ. ಆದರೆ ಅವುಗಳ ಕಚೇರಿ ಕೋರ್ಟಿನ ಆವರಣದಲ್ಲಿದೆ. ‘ಗೆದ್ದವ ಸೋತ, ಸೋತವ ಸತ್ತ’ ಎಂದು ನಂಬಿ ಬೆಳೆದ ಊರಿನವರು ಆ ಗೇಟು ದಾಟುವುದಿಲ್ಲ. ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿ ಹೈಕೋರ್ಟಿನ ಪೀಠಗಳನ್ನು 2008ರಲ್ಲಿ ಧಾರವಾಡಕ್ಕೆ, ಕಲಬುರಗಿಗೆ ತಂದರು. ಬೆಳಗಾವಿ, ಬಾಗಲಕೋಟೆಯವರು ಧಾರವಾಡಕ್ಕೆ, ವಿಜಯಪುರದವರು ಕಲಬುರಗಿಗೆ ಹೋದರೆ ಆಯಿತು, ಬೆಂಗಳೂರಿನ ರಾತ್ರಿ ಬಸ್ಸು ತಪ್ಪಿತು. ಅದು ದೊಡ್ಡ ಗೆಲುವು. ಆದರೆ ಅದು ಕೋರ್ಟಿಗೆ ಹೊರಟವರ ದಾರಿಯನ್ನು ಕಡಿಮೆ ಮಾಡಿತು. ಹೊರಡಲೇ ಇಲ್ಲದವರು ಲೆಕ್ಕಕ್ಕೇ ಇಲ್ಲ.

ಲೋಕ ಅದಾಲತ್ ಬಗ್ಗೆಯೂ ಒಂದು ಮಾತು. ಎರಡೂ ಕಡೆಯವರು ಒಪ್ಪಿ ಮುಗಿಸಿದರೆ ಕೋರ್ಟ್ ಶುಲ್ಕ ವಾಪಸ್, ಮೇಲ್ಮನವಿ ಇಲ್ಲ. ಅಣ್ಣ ತಮ್ಮಂದಿರ ವಾಟ್ನಿ (ಆಸ್ತಿ ಪಾಲು) ವ್ಯಾಜ್ಯಕ್ಕೆ, ಅಪಘಾತದ ಪರಿಹಾರಕ್ಕೆ ಇದು ನಿಜವಾದ ಉಪಕಾರ. ಆದರೆ ಇಂಗ್ಲೆಂಡಿನಲ್ಲಿ ದಾವೆಗಳನ್ನು ರಾಜಿಯತ್ತ ತಳ್ಳುವ ಗಾಳಿ ಬೀಸಿದಾಗ ಜೆನ್ ಅದನ್ನು ಗಟ್ಟಿಯಾಗಿಯೇ ಪ್ರಶ್ನಿಸಿದ್ದರು. ಕೋರ್ಟಿನ ತೀರ್ಪು ಬೆನ್ನಿಗಿದ್ದರೆ ಮಾತ್ರ ಬಡವನ ರಾಜಿಗೆ ಬೆಲೆ. ತನ್ನ ಹಕ್ಕೆಷ್ಟು ಎಂದು ತಿಳಿಯದವನು ಮಾಡಿಕೊಳ್ಳುವ ರಾಜಿ, ನನ್ನ ಕಾಕಾ ಮಾಡಿದ ಸಹಿಯಂಥದ್ದೇ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಎಸ್.ಸಿ. ನಂದಿಮಠ ಕಾನೂನು ಕಾಲೇಜನ್ನೂ ನಡೆಸುತ್ತದೆ, ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಕುಮಾರೇಶ್ವರ ಆಸ್ಪತ್ರೆಯನ್ನೂ ನಡೆಸುತ್ತದೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಗೆ ಬಿ.ವಿ. ಬೆಲ್ಲದ ಕಾನೂನು ಕಾಲೇಜೂ ಇದೆ, ಪ್ರಭಾಕರ ಕೋರೆ ಆಸ್ಪತ್ರೆಯೂ ಇದೆ. ಲಂಡನ್ನಿನವರು ವಿಶ್ವವಿದ್ಯಾಲಯವನ್ನೂ ದವಾಖಾನಿಯನ್ನೂ ಕೂಡಿಸಲು ಬೇರೆಬೇರೆ ಸಂಸ್ಥೆಗಳನ್ನು ಒಪ್ಪಿಸಬೇಕಾಯಿತು. ನಮ್ಮಲ್ಲಿ ಎರಡೂ ಒಂದೇ ಆಡಳಿತ ಮಂಡಳಿಯ ಕೈಯಲ್ಲಿವೆ! ಪ್ರತಿ ಕಾನೂನು ಕಾಲೇಜಿನಲ್ಲಿ ಕಾನೂನು ನೆರವಿನ ಕೇಂದ್ರ ಇರಬೇಕೆಂದು ಬಾರ್ ಕೌನ್ಸಿಲ್‌ನ 2008ರ ನಿಯಮವೇ ಹೇಳುತ್ತದೆ. ಅದನ್ನು ಕಾಲೇಜಿನ ಕಾರಿಡಾರಿನಿಂದ ಎತ್ತಿ ಆಸ್ಪತ್ರೆಯ ಹೊರರೋಗಿ ವಿಭಾಗದ ಪಕ್ಕಕ್ಕೆ ಇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನಲ್ ವಕೀಲರೊಬ್ಬರು ಸಂತೆಯ ದಿನವಾದರೂ ಅಲ್ಲಿ ಕೂರಲಿ. ಜೊತೆಗೆ ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ಜೆನ್ ಕೇಳಿದ್ದನ್ನೇ ಕೇಳಲಿ: ಏನು ತೊಂದರೆಯಾಯಿತು, ಯಾರ ಹತ್ತಿರ ಹೋದಿರಿ, ಏನಾಯಿತು?

ಇದಕ್ಕೆ ಅವಸರವೂ ಇದೆ. ಕೃಷ್ಣಾ ನ್ಯಾಯಾಧಿಕರಣ ಆಲಮಟ್ಟಿಯನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಲು ಒಪ್ಪಿದೆ. ಎತ್ತರಿಸಿದರೆ ಬಾಗಲಕೋಟೆ, ವಿಜಯಪುರದಲ್ಲಿ ಮತ್ತೆ ಹೊಲ, ಊರು ಮುಳುಗುತ್ತವೆ. 2013ರ ಹೊಸ ಭೂಸ್ವಾಧೀನ ಕಾಯ್ದೆಯಲ್ಲೂ ತಕರಾರು ಬರೆಯದೆ ಹಣ ಪಡೆದವನು ಹೆಚ್ಚಿನ ಪರಿಹಾರ ಕೇಳುವಂತಿಲ್ಲ. ಪಕ್ಕದವರ ದರ ಕೇಳಲು ಅಲ್ಲೂ ಮೂರೇ ತಿಂಗಳು. ಪರಿಹಾರ ಇಷ್ಟೆಂದು ಗೊತ್ತುಮಾಡುವ ಐತೀರ್ಪಿನ ನೋಟಿಸ್ ಹಂಚುವ ಮುಂಚೆಯೇ ಬೀಳಗಿ, ಜಮಖಂಡಿ, ಮುಧೋಳ, ಬಸವನ ಬಾಗೇವಾಡಿಯ ದವಾಖಾನಿಗಳಲ್ಲಿ ವಕೀಲರ ಮೇಜು ಬಿದ್ದಿರಬೇಕು. ಆ ಮೇಜಿನ ಮೇಲೆ, ತಕರಾರಿನ ಆ ಒಂದು ಸಾಲನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿಸಿದ ಹಾಳೆಗಳಿರಬೇಕು.