ನೀರಿನ ತೊಟ್ಟಿಗೆ ಕಟ್ಟಿದ ತಂತಿ

ಹವ್ಯಾಸಕ್ಕಾಗಿ ದೂರದೂರದವರನ್ನು ರೇಡಿಯೊದಲ್ಲಿ ಸಂಪರ್ಕಿಸುವ ಹ್ಯಾಮ್ ರೇಡಿಯೊ ಪರವಾನಗಿ ಕೈಸೇರಿದ ದಿನ, ಇನ್ನು ಕಷ್ಟವೆಲ್ಲ ಮುಗಿಯಿತೆಂದುಕೊಂಡಿದ್ದೆ. ಬಳ್ಳಾರಿಯ ನಮ್ಮ ಮಾಳಿಗೆ ಆಂಟೆನಾಗೆ ಸಾಲದು ಎಂಬುದು ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ. 40 ಮೀಟರ್ ತರಂಗಾಂತರದ ಬ್ಯಾಂಡಿನ ಡೈಪೋಲ್‌ಗೆ, ಅಂದರೆ ಎರಡು ತೋಳಿನ ತಂತಿ ಆಂಟೆನಾಗೆ, ಆ ಕಡೆ ಹತ್ತು, ಈ ಕಡೆ ಹತ್ತು ಮೀಟರ್ ತಂತಿ ಬೇಕು. ನಮ್ಮದು 30-40ರ ನಿವೇಶನ. ಮೂಲೆಯಿಂದ ಮೂಲೆಗೆ ಎಳೆದರೂ ಹದಿನೈದೇ ಮೀಟರ್. ಉಳಿದ ತಂತಿ ಪಕ್ಕದ ಮನೆಯ ನೀರಿನ ತೊಟ್ಟಿಯ ಆಶ್ರಯ ಪಡೆಯಿತು.

"ಇದರಿಂದ ಏನು ಬರುತ್ತದೆ?" ಎಂದು ಆ ಮನೆಯ ಯಜಮಾನರು ಕೇಳಿದರು.

"ಜಪಾನ್ ಬರುತ್ತದೆ."

"ನೀರು ಬರುವಂತಿದ್ದರೆ ಹೇಳಿ" ಎಂದು ಒಳಗೆ ಹೋದರು.

ಮೇ ತಿಂಗಳು. ಫ್ಯಾನ್ ಹಾಕಿದರೆ ಬೆಸುಗೆ ಕಡ್ಡಿ ಆರುತ್ತದೆ, ನಿಲ್ಲಿಸಿದರೆ ನಾನೇ ಕರಗುತ್ತೇನೆ. ಹೇಗೋ ಕೇಬಲ್ಲಿಗೆ ಕನೆಕ್ಟರ್ ಬೆಸೆದು, ಕಳಿಸುವುದನ್ನೂ ಕೇಳುವುದನ್ನೂ ಮಾಡುವ ರೇಡಿಯೊ ಪೆಟ್ಟಿಗೆ ಟ್ರಾನ್ಸೀವರಿಗೆ ತಿರುಗಿಸಿದೆ. ಕಳಿಸಿದ ಶಕ್ತಿ ಆಂಟೆನಾಗೆ ಹೋಗದೆ ಎಷ್ಟು ಹಿಂದಿರುಗುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಬಲಗಡೆಯ ಗೋಡೆಗೆ ಹೋಗಿ ಹಣೆ ಚಚ್ಚಿಕೊಂಡಿತು. ಎರಡು ಗಂಟೆ ಮಾಳಿಗೆ ಹತ್ತಿಳಿದು ತಂತಿಯನ್ನು ಬೈದೆ. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದರೆ, ಹೊರಜಾಲರಿಯ ಒಂದೇ ಒಂದು ತಾಮ್ರದ ಎಳೆ, ಕೂದಲಿಗಿಂತ ತೆಳ್ಳಗಿನದು, ನಡುವಿನ ಪಿನ್ನನ್ನು ಕಳ್ಳತನದಲ್ಲಿ ಮುಟ್ಟಿಕೊಂಡು ಕೂತಿತ್ತು.

ಆಮೇಲೆ ಕಂಪ್ಯೂಟರ್. ನನಗೆ ಬೇಕಿದ್ದುದು ಎಫ್‌ಟಿ8, ಮಾತಿನ ಬದಲು ಕಂಪ್ಯೂಟರುಗಳೇ ರೇಡಿಯೊ ಮೂಲಕ ಪುಟ್ಟ ಸಂದೇಶ ಕಳಿಸಿಕೊಳ್ಳುವ ಬಗೆ. ಭೌತಶಾಸ್ತ್ರದಲ್ಲಿ 1993ರ ನೊಬೆಲ್ ಪಡೆದ ಜೋ ಟೇಲರ್, ಸ್ಟೀವ್ ಫ್ರಾಂಕೆ ಜೊತೆಗೂಡಿ 2017ರಲ್ಲಿ ಕೊಟ್ಟ ವಿಧಾನ. ಹದಿನೈದು ಸೆಕೆಂಡು ನಾವು, ಹದಿನೈದು ಸೆಕೆಂಡು ಅವರು. ಗಡಿಯಾರ ಒಂದೆರಡು ಸೆಕೆಂಡು ತಪ್ಪಿದರೂ ಯಾರೂ ಮಾತಾಡಿಸುವುದಿಲ್ಲ. ನಮ್ಮ ಕಡೆಯ ಮುಹೂರ್ತದ ಲೆಕ್ಕ ಇಲ್ಲಿ ನಡೆಯದು.

ಪ್ರಸಾರದ ಗುಂಡಿ ಒತ್ತುವ ಕೆಲಸವನ್ನು ವಾಕ್ಸ್‌ಗೆ ವಹಿಸಿದ್ದೆ. ಅಂದರೆ ಕಂಪ್ಯೂಟರಿನಿಂದ ಸದ್ದು ಬಂದರೆ ರೇಡಿಯೊ ತಾನಾಗಿಯೇ ಪ್ರಸಾರಕ್ಕಿಳಿಯುತ್ತದೆ. ಇಳಿಯಿತು. ಆ ಅಲೆ ಯುಎಸ್‌ಬಿ ಕೇಬಲ್ಲಿಗೆ ನುಗ್ಗಿ ಸಂಪರ್ಕ ಕಡಿಯಿತು. ಮತ್ತೆ ಕೂಡಿಕೊಂಡಾಗ ಕಂಪ್ಯೂಟರ್ ಸಂತೋಷದಿಂದ "ಟುಂಯ್" ಎಂದಿತು. ಟುಂಯ್ ಕೇಳಿದ ರೇಡಿಯೊ ಅದನ್ನೂ ಪ್ರಸಾರ ಮಾಡಿತು. ಮತ್ತೆ ಸಂಪರ್ಕ ಕಡಿಯಿತು, ಮತ್ತೆ ಟುಂಯ್. ನಾನು ಸ್ವಿಚ್ಚಿಗೆ ಹಾರುವಷ್ಟರಲ್ಲಿ ಬಳ್ಳಾರಿಯ ಟುಂಯ್ ಎಷ್ಟು ದೇಶ ತಲುಪಿತೋ, ದೇವರೇ ಬಲ್ಲ.

ಅಟ್ಟದಲ್ಲಿದ್ದ ಹಳೆಯ ಮಾನಿಟರಿನ ಕೇಬಲ್ಲು ಕಾಪಾಡಿತು. ಇಲಿ ನುಂಗಿದ ಹಾವಿನಂತೆ ಅದರಲ್ಲೊಂದು ಉಬ್ಬು ಇರುತ್ತದಲ್ಲ, ಅದರೊಳಗಿನ, ನುಗ್ಗುವ ಅಲೆಗಳನ್ನು ತಡೆಯುವ ಫೆರೈಟ್ ಉಂಗುರವನ್ನು ಬಿಡಿಸಿ ಯುಎಸ್‌ಬಿ ತಂತಿಯನ್ನು ಅದರಲ್ಲಿ ನಾಲ್ಕು ಸುತ್ತು ಸುತ್ತಿದೆ. ಕಂಪ್ಯೂಟರಿನ ಟುಂಯ್‌ಗಳ ಬಾಯಿಯನ್ನೂ ಕಟ್ಟಿದೆ.

ಆ ರಾತ್ರಿ ಜಪಾನ್ ಬಂದೇಬಿಟ್ಟಿತು. ಅಮ್ಮನನ್ನು ಕೂಗಿ ಕರೆದೆ.

"ಏನೆಂದರು?"

"ನನ್ನ ಸಂಕೇತ ಮೈನಸ್ 17 ಡೆಸಿಬೆಲ್‌ನಲ್ಲಿ ಕೇಳಿಸಿತಂತೆ. ಆಮೇಲೆ 73 ಎಂದರು, ಶುಭಾಶಯ ಅಂತ."

"ಅಷ್ಟೇ? ಇಪ್ಪತ್ತು ದಿನದಿಂದ ತಂತಿ ಕಟ್ಟುತ್ತಿದ್ದೀಯ," ಅಮ್ಮ ಪರದೆಯನ್ನೊಮ್ಮೆ ದುರುಗುಟ್ಟಿ ನೋಡಿದಳು, "ಊಟ ಆಯಿತೇ ಎಂದೂ ಕೇಳಲಿಲ್ಲವೇ?"