ಅಪ್ಪನ ಹೆಗಲು, ಮಗನ ಡಾಲರು

ಟೆಕ್ಸಾಸಲ್ಲಿ ಇರೋ ನಮ್ಮ ಕನ್ನಡದವ್ರಿಗೆ ಗ್ರೀನ್ ಕಾರ್ಡ್ ಬಂದ ಮೇಲೆ ಒಬ್ಬೊಬ್ರಿಗೆ ಒಂದೊಂದು ಹುಚ್ಚು ಹತ್ಕೊಳ್ಳತ್ತೆ, ಕೆಲವ್ರು ಬಾಡಿಗೆಗೆ ಅಂತ ಮನೆ ಮೇಲೆ ಮನೆ ತಗೋತಾರೆ, ಕೆಲವ್ರು ಹಿತ್ತಲಲ್ಲಿ ಹೀರೇಕಾಯಿ ಬೆಳ್ದು ಬೇಡ ಅಂದ್ರೂ ಕಾರಿಗೆ ತುಂಬಿ ಕಳಿಸ್ತಾರೆ, ನಮ್ಮೆಜಮಾನ್ರಿಗೆ ಹತ್ತಿದ್ದು ಹಳೇ ಮಿಲಿಟರಿ ರೈಫಲ್ ಹುಚ್ಚು. ಎಚ್ ಒನ್ ಬಿ ವೀಸಾದಲ್ಲಿ ಇರೋವ್ರು ಸುಮ್ನೆ ಬಂದೂಕು ಇಟ್ಕೊಳ್ಳೋ ಹಂಗಿಲ್ಲ ಅಂತ ಇಲ್ಲಿ ಕಾನೂನಿದೆ. ಆ ಕಾನೂನು ನನ್ನನ್ನ ಅಷ್ಟು ವರ್ಷ ಸದ್ದಿಲ್ದೆ ಕಾಪಾಡ್ತಿತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಇದಕ್ಕೆ ಕ್ಯೂರಿಯೋ ಅಂಡ್ ರೆಲಿಕ್ ಅಂತ, ಹಳೇ ಬಂದೂಕು ಕೂಡಿಡೋ ಹುಚ್ಚಿನವ್ರಿಗೆ ಅಂತಾನೇ ಬೇರೆ ಲೈಸೆನ್ಸು. 30 ಡಾಲರ್ ಕಟ್ಟಿದ್ರೆ 3 ವರ್ಷ ನಡ್ಯತ್ತೆ, 50 ವರ್ಷ ದಾಟಿದ ಬಂದೂಕು ಸೀದಾ ಮನೆ ಬಾಗಿಲಿಗೇ ಬರತ್ತೆ. ಬಂದಿದ್ದನ್ನೆಲ್ಲ ಬೌಂಡ್ ಬುಕ್ ಅನ್ನೋ ರಿಜಿಸ್ಟರಲ್ಲಿ ಬರೀಬೇಕು, ಯಾರು ಮಾಡಿದ್ದು, ಯಾವ ಮಾಡೆಲ್ಲು, ಸೀರಿಯಲ್ ನಂಬರ್ ಏನು, ಯಾರಿಂದ ಬಂತು, ಯಾವತ್ತು ಬಂತು. ಮಗಳು ಎಷ್ಟನೇ ಕ್ಲಾಸು ಅಂತ ಯಾರಾದ್ರೂ ಕೇಳಿದ್ರೆ ನನ್ನ ಮುಖ ನೋಡೋ ಮನುಷ್ಯ, ಈ ಬುಕ್ಕಲ್ಲಿ ಮಾತ್ರ ಒಂದು ಚಿತ್ತು ಕಾಟು ಇಲ್ದಂಗೆ ದುಂಡಗೆ ಬರೀತಾರೆ.

ಮೊದ್ಲು ಬಂದಿದ್ದು ರಷ್ಯಾದ ಮೊಸಿನ್ ನಾಗಾಂತ್. 1891ರಲ್ಲಿ ಜಾರ್ ಕಾಲದಲ್ಲಿ ಶುರುವಾದ ಡಿಸೈನಂತೆ, 1930ರಲ್ಲಿ ಅಲ್ಲಲ್ಲಿ ತಿದ್ದಿ ಎರಡನೇ ಮಹಾಯುದ್ಧ ಪೂರ್ತಿ ಅದನ್ನೇ ಹಿಡ್ಕೊಂಡು ಹೊಡೆದಾಡಿದ್ದಾರೆ. ಯುದ್ಧ ಆದ ಮೇಲೆ ರಿಪೇರಿ ಮಾಡಿ, ತುಕ್ಕು ಹಿಡೀಬಾರ್ದು ಅಂತ ಕಾಸ್ಮೊಲಿನ್ ಅನ್ನೋ ಕಂದು ಗ್ರೀಸು ಮೆತ್ತಿ ಗೋಡೌನಲ್ಲಿ ಪೇರ್ಸಿಟ್ಟಿದ್ರು. ಆ ಗ್ರೀಸು ಮರದೊಳಗೇ ಇಳಿದು ಕೂತಿರತ್ತೆ, ಒರೆಸಿದ್ರೆ ಹೋಗಲ್ಲ, ಬಿಸಿ ತಾಗಿದ್ರೆ ಮಾತ್ರ ಬೆವರ್ತಾ ಬರತ್ತೆ. ಇವ್ರು ನಮ್ಮ ಅಡುಗೆಮನೆ ಓವನ್ ಕಡೆ ಒಂದ್ಸಲ ನೋಡಿದ್ರು, ನಾನು ಇವ್ರ ಕಡೆ ನೋಡ್ದೆ, ಆ ವಿಷಯ ಅಲ್ಲಿಗೇ ಮುಗೀತು. ಅದಾದ ಮೇಲೆ ಸಿಕ್ಕಿದ್ದೇ ಕಾರು. ಆಗಸ್ಟಲ್ಲಿ ಟೆಕ್ಸಾಸ್ ಬಿಸಿಲಿಗೆ ನಿಲ್ಸಿದ ಕಾರಿಗಿಂತ ಒಳ್ಳೇ ಓವನ್ ಬೇಕಾ! ಮರದ ಭಾಗ ಎಲ್ಲ ಬಿಚ್ಚಿ ಕಪ್ಪು ಗಾರ್ಬೇಜ್ ಬ್ಯಾಗಲ್ಲಿ ಸುತ್ತಿ ಹಿಂದಿನ ಸೀಟಲ್ಲಿ ಮಲಗ್ಸಿದ್ರು. ಬ್ಯಾಗು ಎಲ್ಲೋ ಹರಿದಿತ್ತು. ಅದೇ ವಾರ ಅತ್ತೆ ಮಾವ ಹಾಸನದಿಂದ ಬಂದಿಳಿದ್ರು, ಅದೇ ಕಾರು ಏರ್‌ಪೋರ್ಟಿಗೆ ಹೋಯ್ತು, ಮರ ತೆಗ್ದಿದ್ರು, ಗ್ರೀಸು ಸೀಟಲ್ಲೇ ಉಳಿದಿತ್ತು, ಅದರ ಮೇಲೆ ಅತ್ತೆ ಮೈಸೂರು ಸಿಲ್ಕ್ ಸೀರೇಲಿ ಕೂತ್ರು. ಆ ಸೀರೆ ಬಗ್ಗೆ ನಮ್ಮನೇಲಿ ಯಾರೂ ಈಗ್ಲೂ ಮಾತಾಡಲ್ಲ.

ಇವ್ರಿಗೆ ಒಬ್ರು ಗುರು ಇದ್ದಾರೆ, ಇವ್ರಿಗಿಂತ ಮೊದ್ಲೇ ಹಾಳಾದವ್ರು. ಅವ್ರು ಗನ್ ಶೋ ಒಂದ್ರಲ್ಲಿ ಬ್ರಿಟಿಷರ ಕಾಲದ ಮಾರ್ಟಿನಿ ಹೆನ್ರಿ ರೈಫಲ್ ಸಿಕ್ತು ಅಂತ ಮೀಸೆ ತಿರುವಿಕೊಂಡು ಮನೆಗೆ ತಂದು ತೋರಿಸ್ತಿದ್ರು, ಕಿರೀಟದ ಗುರುತು, ಕೆಳಗೆ ವಿ.ಆರ್. ಅಂದ್ರೆ ವಿಕ್ಟೋರಿಯಾ ರಾಣಿ, ಅದರ ಕೆಳಗೆ 1919. ನನ್ನ ಮಗಳು ಚಕ್ಕುಲಿ ತಿಂತಾ "ಅಂಕಲ್, ವಿಕ್ಟೋರಿಯಾ 1901ರಲ್ಲೇ ಸತ್ತೋದ್ಲಲ್ವಾ" ಅಂದ್ಬಿಟ್ಲು. ಪಾಕಿಸ್ತಾನ ಅಫ್ಘಾನಿಸ್ತಾನ ಗಡಿ ಹತ್ರದ ಖೈಬರ್ ಪಾಸ್ ಕಡೆ ಊರುಗಳ ಕುಲುಮೇಲಿ ಕೈಯಲ್ಲೇ ಇಂಥ ಕಾಪಿ ಬಂದೂಕು ಮಾಡ್ತಿದ್ರಂತೆ, ಗುರುತು ಹೊಡೆಯೋವಾಗ ಸತ್ತ ರಾಣಿ, ತಿರುಗಾ ಮುರುಗಾ ಅಕ್ಷರ ಎಲ್ಲ ನಡೀತಿತ್ತು. ಅವ್ರು ಕಾಫಿ ಕುಡೀದೇ ಹೋದ್ರು.

ಇಷ್ಟಾದ್ರೂ ನಮ್ಮೋರು ಬುದ್ಧಿ ಕಲೀಲಿಲ್ಲ. ತಿಂಗಳುಗಟ್ಟಲೆ ಹುಡುಕಿ ಒಂದು ಲೀ ಎನ್‌ಫೀಲ್ಡ್ ರೈಫಲ್ ತರಿಸಿದ್ರು, ಕಲ್ಕತ್ತಾ ಹತ್ರ ಇಶಾಪುರ್ ಫ್ಯಾಕ್ಟರೀಲಿ 1942ರಲ್ಲಿ ಮಾಡಿದ್ದು. ಬೋಲ್ಟು, ಬಾಡಿ, ಮೂತಿ, ಎಲ್ಲದ್ರ ಮೇಲೂ ಒಂದೇ ನಂಬರು, ಅದು ಸಿಗೋದು ಅಪರೂಪ, ಮರದ ಮೇಲಿನ ಗೀರು, ಹಿತ್ತಾಳೆ ಮೇಲೆ ಹಳೇದಾಗಿ ಬಂದ ಕಂದು ಬಣ್ಣ (ಅದಕ್ಕೆ ಪ್ಯಾಟಿನಾ ಅಂತಾರಂತೆ) ಎಲ್ಲ ಹಂಗ್ಹಂಗೇ ಇದೆ, ಅದೇ ಇದರ ಬೆಲೆ ಅಂತ ನಂಗೆ ಅರ್ಧ ರಾತ್ರಿ ತನಕ ಪಾಠ. ಮಾರನೇ ದಿನ ಮಾವನಿಗೆ ತೋರಿಸಿದ್ರು.

ಮಾವ ಡಿಸ್ಟ್ರಿಕ್ಟ್ ಆರ್ಮ್ಡ್ ರಿಸರ್ವಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವ್ರು. ಕನ್ನಡಕ ಹಾಕ್ಕೊಂಡು ನೋಡಿದ್ರು, ತೆಗ್ದು ನೋಡಿದ್ರು.

"ಏನೋ ಇದು, ತ್ರೀ ನಾಟ್ ತ್ರೀ ಅಲ್ವೇನೋ?"

"ಹೂಂ ಅಪ್ಪ, ಇದು ನಂಬರ್ ಒನ್ ಮಾರ್ಕ್ ಥ್ರೀ ಸ್ಟಾರ್ ಅಂತ..."

"ಎಂಥ ಸ್ಟಾರೋ! ಟ್ರೆಶರಿ ಗಾರ್ಡು, ಎಲೆಕ್ಷನ್ನು, ಗಣಪತಿ ಬಂದೋಬಸ್ತು, ಎಲ್ಲಕ್ಕೂ ಇದನ್ನೇ ಹೊತ್ತು ಹೊತ್ತು ಎಡಗಡೆ ಹೆಗಲೇ ಕುಸಿದೋಯ್ತು ನಂಗೆ. ಯಾವಾಗ ಆರ್ಮರಿಗೆ ವಾಪಸ್ ಕೊಟ್ಟೇನಪ್ಪಾ ಅಂತ ಕಾಯ್ತಿದ್ದೆ. ದುಡ್ಡು ಕೊಟ್ಟು ತಂದ್ಯಾ ಇದನ್ನ?"

ಎಷ್ಟು ಅಂತ ಕೇಳಿದ್ರು. ಇವ್ರು ನಿಜವಾದ ರೇಟಲ್ಲಿ ಅರ್ಧ ಹೇಳಿದ್ರು, ಮಾವ ಅದನ್ನ ರೂಪಾಯಿಗೆ ತಿರುಗಿಸಿ ಸೋಫಾ ಮೇಲೆ ಕೂತ್ಬಿಟ್ರು. ಆದ್ರೆ ಕೈ ಸುಮ್ನಿರಬೇಕಲ್ಲ. ಹಿಂದಿನ ಹಿತ್ತಾಳೆ ಪ್ಲೇಟಲ್ಲಿ ಒಂದು ಪುಟಾಣಿ ಮುಚ್ಚಳ ಇರತ್ತೆ, ಎಣ್ಣೆ ಬಾಟ್ಲು, ನಳಿಗೆ ಒರೆಸೋ ಪುಲ್ ಥ್ರೂ ದಾರ ಇಡಕ್ಕೆ. ಅದು ಜಾಮ್ ಆಗಿದೆ, ಬಲವಂತ ಮಾಡ್ಬಾರ್ದು ಅಂತ ಇವ್ರು ಎರಡು ದಿನದಿಂದ ಮುಟ್ಟದೇ ಬಿಟ್ಟಿದ್ರು. ಮಾವ ಹೆಬ್ಬೆರಳಲ್ಲಿ ಒಂದು ಸಲ ಒತ್ತಿದ್ರು, ಟಕ್ ಅಂತು. ಒಳಗಿಂದ ಒಂದು ಹಳೇ ಚಿಂದಿ ಬಟ್ಟೆ ಬಂತು. ಮಾವ ಅದನ್ನ ಕಸಕ್ಕೆ ಹಾಕಕ್ಕೆ ಎದ್ರೆ, ಇವ್ರು ಓಡಿ ಹೋಗಿ ಕಿತ್ಕೊಂಡು ಜಿಪ್‌ಲಾಕ್ ಕವರಲ್ಲಿ ಹಾಕಿ ಮೇಲೆ ಡೇಟು ಬರೆದ್ರು. ಮಾವ ನನ್ನ ಕಡೆ ತಿರುಗಿ, "ಇವ್ನು ಆಫೀಸಲ್ಲಿ ಸರಿಯಾಗಿದ್ದಾನೇನಮ್ಮ?" ಅಂದ್ರು.

ಆಮೇಲೆ ಬಂತು ಆಯುಧ ಪೂಜೆ. ಪ್ರತೀ ವರ್ಷ ಕಾರು, ಲ್ಯಾಪ್‌ಟಾಪು, ಮಿಕ್ಸಿಗೆ ಕುಂಕುಮ ಇಟ್ಟು ಮುಗಿಸ್ತಿದ್ವಿ. ಅತ್ತೆ ಒಪ್ಲಿಲ್ಲ. "ನಿಜವಾದ ಆಯುಧ ಬೀರೂಲಿ ಇಟ್ಟು ಬೀಗ ಹಾಕ್ಕೊಂಡು ಮಿಕ್ಸಿಗೆ ಯಾಕೋ ಪೂಜೆ?" ಈ ಪ್ರಶ್ನೆಗೆ ನನ್ನತ್ರಾನೂ ಉತ್ತರ ಇರ್ಲಿಲ್ಲ. ಇವ್ರು ಸೇಫಿಂದ ಎನ್‌ಫೀಲ್ಡ್ ತೆಗ್ದು ದೇವರ ಮುಂದೆ ಮಣೆ ಮೇಲೆ ಬಟ್ಟೆ ಹಾಸಿ ಇಟ್ರು, ಜೊತೆಗೆ ಕಂಡೀಶನ್ನು: ಮರಕ್ಕೆ ಅರಿಶಿನ ಕುಂಕುಮ ತಾಗಬಾರ್ದು, ನೀರು ಚಿಮುಕಿಸಬಾರ್ದು, ಹೂವು ಬಟ್ಟೆ ಮೇಲೆ ಮಾತ್ರ. ಅತ್ತೆ ಎಲ್ಲದಕ್ಕೂ ಆಯ್ತು ಕಣಪ್ಪ ಅಂದ್ರು. ಇವ್ರು ಸ್ನಾನಕ್ಕೆ ಹೋದ್ರು.

ಹುಣಸೇಹಣ್ಣಿನ ವಿಷಯ ಲಿಸ್ಟಲ್ಲಿ ಇರ್ಲಿಲ್ಲ ನೋಡಿ. ದೀಪದ ಕಂಬ ತಿಕ್ಕಿ ಉಳಿದ ಹುಣಸೇಹಣ್ಣು ಅತ್ತೆ ಕೈಯಲ್ಲೇ ಇತ್ತು, ಎದುರಿಗೆ 1942ರಿಂದ ಕಪ್ಪಾಗಿ ಕೂತಿದ್ದ ಹಿತ್ತಾಳೆ. ಮರಕ್ಕೆ ಒಂದು ಹನಿ ತಾಗದಂಗೆ, ಹೇಳಿದ ಮಾತು ಮೀರದಂಗೆ, ಬರೀ ಹಿತ್ತಾಳೆ ಮಾತ್ರ ಫಳಫಳ ಅನ್ನಿಸಿದ್ರು. ಇವ್ರು ತಲೆ ಒರೆಸ್ಕೋತಾ ಬಂದು ನೋಡಿ ಟವೆಲ್ ಬಾಯಿಗೆ ಇಟ್ಕೊಂಡ್ರು. ಬಾಯಿಂದ "ಪ್ಯಾಟಿನಾ... ಪ್ಯಾಟಿನಾ..." ಅಂತ ಬರ್ತಿತ್ತು, ಅತ್ತೆ ಅದೇನೋ ಮಂತ್ರ ಅಂದ್ಕೊಂಡು ಕೈ ಮುಗಿದ್ರು.

ಮಾವ ಬಂದ್ರು. ರೈಫಲ್ ಎತ್ತಿ ಬೆಳಕಿಗೆ ಹಿಡಿದ್ರು, ಪ್ಲೇಟಲ್ಲಿ ತಮ್ಮ ಮುಖ ನೋಡ್ಕೊಂಡ್ರು, ಮುಖದಲ್ಲಿ ಮೊದಲ ಸಲ ಒಂದು ನಗು. "ಹಾಂ, ಈಗ ಸರಿಯಾಯ್ತು. ಇನ್ಸ್‌ಪೆಕ್ಷನ್ ದಿನ ಇದು ಹಿಂಗೆ ಹೊಳೀಲಿಲ್ಲ ಅಂದ್ರೆ ಗ್ರೌಂಡು ಸುತ್ತು ಹಾಕಿಸ್ತಿದ್ರು ನಮ್ಗೆ."

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು ಮಗನ್ನ ಕೇಳಿದ್ರು, "ಇನ್ನೂ ಸ್ವಲ್ಪ ಹುಣಸೇಹಣ್ಣು ಉಳಿದಿದೆ ಕಣೋ, ನನ್ನ ಸೀರೆ ಹಾಳ್ಮಾಡ್ತಲ್ಲ, ಅದೆಲ್ಲಿ?"